ಹಿಂದಿನ ಚಕ್ರ ಸುತ್ತಬೇಕು, ಗಾಡಿ ಕದಲಬಾರದು: ಡ್ರ್ಯಾಗ್ ಕಾರಿಗೆ ಲೈನ್ ಲಾಕ್ ಕೂರಿಸಿ ಬಳಸುವ ಬಗೆ

ಅಮೆರಿಕದ ಯಾವ ಡ್ರ್ಯಾಗ್ ಸ್ಟ್ರಿಪ್ಪಿಗೆ (ನೇರ ಹಾದಿಯಲ್ಲಿ ಕಾರು ಓಡಿಸುವ ರೇಸಿನ ಟ್ರ್ಯಾಕು) ಹೋದರೂ ಸ್ಟಾರ್ಟಿಂಗ್ ಗೆರೆಯ ಹಿಂದೆ ನೀರು ಚೆಲ್ಲಿದ ಜಾಗವೊಂದು ಕಾಣುತ್ತದೆ. ಹಿಂದೆ ಅಲ್ಲಿ ಬ್ಲೀಚ್ ಸುರಿಯುತ್ತಿದ್ದರು, ಹಾಗಾಗಿ ಹಳಬರು ಈಗಲೂ ಅದನ್ನು ಬ್ಲೀಚ್ ಬಾಕ್ಸ್ ಎನ್ನುತ್ತಾರೆ. ಈಗ ಅಲ್ಲಿನ ಡ್ರ್ಯಾಗ್ ರೇಸ್ ಸಂಸ್ಥೆಯಾದ ಎನ್‌ಎಚ್‌ಆರ್‌ಎ ನಿಯಮದಂತೆ ಬರೀ ನೀರು. ಓಟಕ್ಕೆ ಮುಂಚೆ ಕಾರು ಅಲ್ಲಿಗೆ ಬಂದು ಹಿಂದಿನ ಟೈರುಗಳನ್ನು ಒದ್ದೆ ಮಾಡಿಕೊಂಡು, ಹೊಗೆ ಏಳುವವರೆಗೆ ಸುತ್ತಿಸುತ್ತದೆ. ಇದಕ್ಕೇ ಬರ್ನ್‌ಔಟ್ ಎನ್ನುವುದು. ರಬ್ಬರಿನ ಮೇಲ್ಪದರ ಬಿಸಿಯಾಗಿ ಅಂಟಂಟಾಗುತ್ತದೆ, ಅಂಟಿದ ಕಲ್ಲುಪುಡಿ, ಮರಳು ಕಿತ್ತುಹೋಗುತ್ತದೆ. ಇಷ್ಟೂ ಹೊತ್ತು ಎಂಜಿನ್ ನೂರಾರು ಕುದುರೆ ಶಕ್ತಿಯನ್ನು ಹಿಂಚಕ್ರಕ್ಕೆ ಸುರಿಯುತ್ತಿದ್ದರೂ ಗಾಡಿ ನಿಂತಲ್ಲೇ ನಿಂತಿರುತ್ತದೆ. ಹಾಗೆ ನಿಲ್ಲಿಸಲು ಮುಂದಿನ ಬ್ರೇಕನ್ನಷ್ಟೇ ಹಿಡಿದಿಡುವ ಕವಾಟವೇ ಲೈನ್ ಲಾಕ್.

ಬ್ರೇಕು ಎಂಜಿನ್ನಿಗಿಂತ ಬಲಶಾಲಿ, ಅದಕ್ಕೇ ನಿಲ್ಲುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಅರ್ಧ ಸತ್ಯ. ಬ್ರೇಕಿನ ಕೆಲಸ ಮುಂದಿನ ಚಕ್ರ ಉರುಳದಂತೆ ಬಿಗಿಹಿಡಿಯುವುದಷ್ಟೇ. ಗಾಡಿಯನ್ನು ನಿಲ್ಲಿಸುವುದು ಆ ಚಕ್ರದಡಿಯ ಒಣ ರಸ್ತೆ. ಮುಂದಿನ ಟೈರಿನ ಹಿಡಿತ ಹಿಂದಿನ ಟೈರಿನ ತಳ್ಳುಬಲಕ್ಕಿಂತ ಹೆಚ್ಚಿರುವವರೆಗೆ ಮಾತ್ರ ಕಾರು ನಿಲ್ಲುತ್ತದೆ. ಬರ್ನ್‌ಔಟಿನಲ್ಲಿ ಏನೇ ಎಡವಟ್ಟಾದರೂ ಈ ಲೆಕ್ಕ ಎಲ್ಲಿ ತಪ್ಪಿತು ಎಂದು ಹುಡುಕಿದರೆ ಕಾರಣ ಸಿಗುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಮಸ್ಟಾಂಗ್, ಕಮಾರೊ ತರಹದ ಹಿಂಚಕ್ರ ಚಾಲನೆಯ ಕಾರು, ಡ್ರೈವರ್ ಸೇರಿ 1,550 ಕಿಲೋ ಎನ್ನಿ. ಮುಂದೆ 820, ಹಿಂದೆ 730 ಕಿಲೋ. ನೀರಿನಲ್ಲಿ ಜಾರುತ್ತಿರುವ ಹಿಂದಿನ ಟೈರಿನ ಘರ್ಷಣಾಂಕ 0.4 ಎಂದಿಟ್ಟುಕೊಂಡರೆ ಅದು ಗಾಡಿಯನ್ನು ಸುಮಾರು 290 ಕಿಲೋ ಬಲದಿಂದ ಮುಂದಕ್ಕೆ ತಳ್ಳುತ್ತದೆ. ಎಂಜಿನ್ 300 ಕುದುರೆ ಶಕ್ತಿಯದೋ 900ರದೋ, ಇಲ್ಲಿ ಲೆಕ್ಕಕ್ಕಿಲ್ಲ. ಜಾರುವ ಟೈರು ತನ್ನ ಹಿಡಿತ ಎಷ್ಟಿದೆಯೋ ಅಷ್ಟನ್ನೇ ರಸ್ತೆಗೆ ದಾಟಿಸಬಲ್ಲದು, ಉಳಿದದ್ದೆಲ್ಲ ಶಾಖ ಮತ್ತು ಹೊಗೆ. ಗಾಡಿ ಕದಲದಿರುವವರೆಗೆ ಮುಂದಿನ ಭಾರ ಹಿಂದಕ್ಕೆ ಸರಿಯುವುದಿಲ್ಲ. ಹಾಗಾಗಿ ಒಣ ನೆಲದ ಮೇಲೆ (ಘರ್ಷಣಾಂಕ 0.9) ಮುಂದಿನ ಟೈರುಗಳು 740 ಕಿಲೋವರೆಗೆ ತಡೆಯುತ್ತವೆ. ತಳ್ಳುಬಲದ ಎರಡೂವರೆಯಷ್ಟು, ಆರಾಮ.

ಹಿಂದಿನ ಟೈರು ಬಿಸಿಯಾದಂತೆ ಅದರ ಹಿಡಿತ ಏರುತ್ತದೆ. 1.0ರ ಹತ್ತಿರ ಎರಡೂ ಕಡೆ ಸಮ. 1.1 ಮುಟ್ಟಿದಾಗ ಹಿಂದಿನಿಂದ 800 ಕಿಲೋ ತಳ್ಳು, ಮುಂದೆ ಬರೀ 740ರಷ್ಟು ತಡೆ. ಆಗ ಬ್ರೇಕು ಎಷ್ಟೇ ಬಿಗಿಯಾಗಿದ್ದರೂ ಮುಂದಿನ ಚಕ್ರಗಳು ಸುತ್ತದೆ, ಹಾಗೇ ಜಾರುತ್ತ ಮುಂದೆ ಸಾಗುತ್ತವೆ. ಇದು ದೋಷವಲ್ಲ, ಟೈರು ಹದಕ್ಕೆ ಬಂತು ಎಂಬ ಸೂಚನೆ. ಇನ್ನು ಮುಂದಿನ ಟೈರೂ ಒದ್ದೆಯಾಗಿದ್ದರೆ? 820 ಕಿಲೋ ಭಾರಕ್ಕೆ 0.4 ಎಂದರೆ 328. 290ರ ತಳ್ಳಿಗಿಂತ ಕೂದಲೆಳೆಯಷ್ಟು ಮೇಲು, ಹಿಂದಿನ ಟೈರು ಕೊಂಚ ಕಾದೊಡನೆ ಸೋಲು. ನೀರು ದಾಟುವ ರೀತಿಯ ಬಗ್ಗೆ ಮುಂದೆ ಅಷ್ಟು ಒತ್ತಿ ಹೇಳುವುದು ಇದಕ್ಕೇ.

ಕಾಲಿನ ಬ್ರೇಕೇ ಸಾಲದೆ?

ಆಟೊಮ್ಯಾಟಿಕ್ ಗಾಡಿಯಲ್ಲಿ ಎಡಗಾಲು ಬ್ರೇಕಿನ ಮೇಲೆ, ಬಲಗಾಲು ಆಕ್ಸಿಲರೇಟರ್ ಮೇಲೆ ಇಟ್ಟರೂ ಬರ್ನ್‌ಔಟ್ ಆಗುತ್ತದೆ. ಆದರೆ ಪೆಡಲ್ ತುಳಿದಾಗ ಹಿಂದಿನ ಬ್ರೇಕೂ ಹಿಡಿಯುತ್ತದೆ. ಎಂಜಿನ್ ತನ್ನದೇ ಗಾಡಿಯ ಬ್ರೇಕಿನೊಂದಿಗೆ ಜಗಳಕ್ಕೆ ನಿಲ್ಲುತ್ತದೆ. ಹಿಂದಿನ ಪ್ಯಾಡು ಸುಟ್ಟು ಗಾಜಿನಂತೆ ನುಣುಪಾಗುತ್ತದೆ, ಡ್ರಮ್ಮಾದರೆ ಕಾದು ಹಿಗ್ಗುತ್ತದೆ, ಟಾರ್ಕ್ ಕನ್ವರ್ಟರಿನ ಎಣ್ಣೆ ಕುದಿಯುತ್ತದೆ. ಪೆಡಲಿನ ಒತ್ತಡ ಹದವಾಗಿ ಹಿಡಿಯಲು ಹೋಗಿ ಸ್ವಲ್ಪ ಸಡಿಲಿಸಿದಿರೋ, ಮುಂದಿನ ಹಿಡಿತವೂ ತಪ್ಪಿ ಗಾಡಿ ಗೆರೆಯತ್ತ ಚಿಮ್ಮುತ್ತದೆ. ಮ್ಯಾನ್ಯುಯಲ್ ಗೇರಿನವರಿಗಂತೂ ಮೂರು ಪೆಡಲಿಗೆ ಎರಡೇ ಕಾಲು.

ಟ್ರಾನ್ಸ್‌ಬ್ರೇಕ್ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಮೊದಲ ಗೇರು ಮತ್ತು ರಿವರ್ಸನ್ನು ಒಟ್ಟಿಗೆ ಹಿಡಿಸಿ ಔಟ್‌ಪುಟ್ ಶಾಫ್ಟನ್ನೇ ಕಟ್ಟಿಹಾಕುವ ಏರ್ಪಾಡು. ಸ್ಟಾರ್ಟಿಂಗ್ ಗೆರೆಯಲ್ಲಿ ಹಸಿರು ದೀಪಕ್ಕೆ ಕಾಯುವಾಗ ಸರಿ. ಅದರಲ್ಲಿ ಹಿಂಚಕ್ರವೇ ಸುತ್ತುವುದಿಲ್ಲವಾದ್ದರಿಂದ ಬರ್ನ್‌ಔಟಿಗೆ ಉಪಯೋಗವಿಲ್ಲ.

ಬೇಕಾದ್ದು ಇಷ್ಟೇ: ಮುಂದಿನ ಬ್ರೇಕು ಹಿಡಿದಿರಬೇಕು, ಹಿಂದಿನದು ಪೂರಾ ಬಿಟ್ಟಿರಬೇಕು. ಲೈನ್ ಲಾಕ್ ಅಥವಾ ರೋಲ್ ಕಂಟ್ರೋಲ್ ಎಂದು ಮಾರುವ ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ) ಕವಾಟ ಮಾಡುವುದು ಅದನ್ನೇ. ಮುಂದಿನ ಬ್ರೇಕಿನ ಪೈಪಿನಲ್ಲಿ ಅದು ಕೂರುತ್ತದೆ. ಕರೆಂಟು ಇಲ್ಲದಾಗ ತೆರೆದೇ ಇರುತ್ತದೆ, ಬ್ರೇಕು ಎಂದಿನಂತೆ ಕೆಲಸ ಮಾಡುತ್ತದೆ. ಪೆಡಲ್ ತುಳಿದು ಬಟನ್ ಒತ್ತಿದರೆ 12 ವೋಲ್ಟ್ ಸಿಕ್ಕಿ ಕವಾಟ ಮುಚ್ಚುತ್ತದೆ, ಮುಂದಿನ ಕ್ಯಾಲಿಪರುಗಳಿಗೆ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಹೋದ ಒತ್ತಡ ಅಲ್ಲೇ ಸೆರೆಯಾಗುತ್ತದೆ. ಕಾಲು ತೆಗೆದಾಗ ಹಿಂದಿನ ಬ್ರೇಕು ಮಾತ್ರ ಬಿಡುತ್ತದೆ. ಕರೆಂಟು ಹೋದರೆ ಕವಾಟ ತೆರೆದುಕೊಳ್ಳುತ್ತದೆಯೇ ಹೊರತು ಮುಚ್ಚಿಕೊಳ್ಳುವುದಿಲ್ಲ. ಈ ಒಂದು ಗುಣವಿಲ್ಲದ ಕವಾಟವನ್ನು ಬ್ರೇಕಿನ ಹತ್ತಿರಕ್ಕೂ ಸೇರಿಸಬಾರದು.

ಕೊಳ್ಳುವ ಮುಂಚೆ ಗಾಡಿಯ ಪೈಪು ನೋಡಿ

ಒಂದೇ ಸೊಲೆನಾಯ್ಡ್ ಸಾಕಾಗುವುದು ಮುಂದಿನ ಎರಡೂ ಚಕ್ರಕ್ಕೆ ಒಂದು ಸರ್ಕೀಟು, ಹಿಂದಿನ ಎರಡಕ್ಕೆ ಇನ್ನೊಂದು ಇರುವ ಗಾಡಿಗೆ. ಹಿಂಚಕ್ರ ಚಾಲನೆಯ ಹಳೆಯ ಅಮೆರಿಕನ್ ಕಾರುಗಳು ಹೆಚ್ಚಾಗಿ ಹೀಗೇ ಇವೆ. ಮುಂಚಕ್ರ ಚಾಲನೆಯ ಬಹುಪಾಲು ಕಾರುಗಳಲ್ಲಿ ಮೂಲೆಯಿಂದ ಮೂಲೆಗೆ ಸರ್ಕೀಟು ಇರುತ್ತದೆ: ಮುಂದಿನ ಎಡಕ್ಕೆ ಹಿಂದಿನ ಬಲ ಜೋಡಿ. ಅಲ್ಲಿ ಮಾಸ್ಟರ್ ಸಿಲಿಂಡರಿನ (ಪೆಡಲಿನ ಬಲವನ್ನು ಬ್ರೇಕ್ ಆಯಿಲಿನ ಒತ್ತಡವಾಗಿಸುವ ಭಾಗ) ಬುಡದಲ್ಲಿ ಒಂದು ಕವಾಟ ಹಾಕಿದರೆ ಒಂದು ಮುಂಚಕ್ರ, ಒಂದು ಹಿಂಚಕ್ರ ಹಿಡಿದು ಕೂರುತ್ತವೆ.

ಮಾಸ್ಟರ್ ಸಿಲಿಂಡರಿನ ಯಾವ ಪೋರ್ಟು ಮುಂದಿನ ಬ್ರೇಕಿಗೆ ಹೋಗುತ್ತದೆ ಎಂಬುದು ಗಾಡಿಯಿಂದ ಗಾಡಿಗೆ ಬದಲು. ರೇಡಿಯೇಟರ್ ಕಡೆಗಿರುವುದೇ ಮುಂದಿನದು ಎಂದು ಊಹಿಸಬೇಡಿ. ಪೈಪಿನ ಮೇಲೆ ಬೆರಳಿಟ್ಟು ಚಕ್ರದವರೆಗೂ ಹಿಂಬಾಲಿಸಿ.

ಡಿಸ್ಕ್ ಮತ್ತು ಡ್ರಮ್ ಎರಡೂ ಇರುವ ಗಾಡಿಯಲ್ಲಿ ನಡುವೆ ಕಾಂಬಿನೇಶನ್ ವಾಲ್ವ್ ಎಂಬ ಹಿತ್ತಾಳೆಯ ಗಟ್ಟಿ ಇರುತ್ತದೆ. ಲೈನ್ ಲಾಕನ್ನು ಅದರ ಆಚೆ, ಎಂದರೆ ಚಕ್ರದ ಕಡೆಗೆ ಹಾಕುವುದು ಉತ್ತಮ. ಈಚೆ ಹಾಕಿದರೆ ಪೈಪಿನ ಕೆಲಸ ಸುಲಭ, ನಿಜ. ಆದರೆ ಬರ್ನ್‌ಔಟ್ ಹೊತ್ತಿನಲ್ಲಿ ಆ ಗಟ್ಟಿಯೊಳಗೆ ಒಂದು ಬದಿಗೆ ಪೂರ್ತಿ ಒತ್ತಡ, ಇನ್ನೊಂದು ಬದಿಗೆ ಸೊನ್ನೆ. ಹಿಂದಿನ ಬ್ರೇಕಿನ ಪೈಪು ಒಡೆದಿದೆ ಎಂದು ಅದು ತಿಳಿದು ಒಳಗಿನ ಪಿಸ್ಟನ್ ಸರಿದು ಡ್ಯಾಶ್‌ಬೋರ್ಡಿನ ಬ್ರೇಕ್ ದೀಪ ಹೊತ್ತಬಹುದು. ಗಟ್ಟಿಯಿಂದ ಮುಂದಿನ ಚಕ್ರಗಳಿಗೆ ಎರಡು ಪೈಪು ಬೇರೆ ಬೇರೆ ಹೊರಟಿದ್ದರೆ ಒಂದು ತೂತನ್ನು ಸರಿಯಾದ ಪ್ಲಗ್ಗಿನಿಂದ ಮುಚ್ಚಿ, ಇನ್ನೊಂದರಿಂದ ಸೊಲೆನಾಯ್ಡಿಗೆ ತಂದು, ಅದರಾಚೆ ಟೀ ಹಾಕಿ ಎಡಬಲಕ್ಕೆ ಹಂಚಿ.

ಎಬಿಎಸ್ ಇರುವ ಗಾಡಿಯಲ್ಲಿ, ಮುಂದಿನ ಬ್ರೇಕಿಗೆಂದೇ ಒಂದು ಪೈಪು ಮಾಡ್ಯೂಲಿನೊಳಕ್ಕೆ ಹೋಗುತ್ತಿದ್ದರೆ ಮಾಸ್ಟರ್ ಸಿಲಿಂಡರಿಗೂ ಮಾಡ್ಯೂಲಿಗೂ ನಡುವೆ ಹಾಕಬಹುದು. ಆದರೆ 2015ರಿಂದೀಚಿನ ಮಸ್ಟಾಂಗ್ ಜಿಟಿಯಂಥ ಕಾರಿನಲ್ಲಿ ಕಾರ್ಖಾನೆಯೇ ಎಬಿಎಸ್ ಮಾಡ್ಯೂಲಿನಿಂದ ಈ ಕೆಲಸ ಮಾಡಿಸಿದೆ. ಟ್ರ್ಯಾಕ್ ಆ್ಯಪ್ಸ್ ಮೆನುವಿಗೆ ಹೋಗಿ ಲೈನ್ ಲಾಕ್ ಆರಿಸಿ, ಪರದೆ ಹೇಳಿದಷ್ಟು ಬಲವಾಗಿ ಬ್ರೇಕ್ ತುಳಿದು, ಸ್ಟಿಯರಿಂಗ್ ಮೇಲಿನ ಓಕೆ ಬಟನ್ ಒತ್ತಿದರೆ ಆಯಿತು. 15 ಸೆಕೆಂಡಿಗೆ ತಾನೇ ಬಿಡುತ್ತದೆ. ಅಂಥ ಗಾಡಿಯ ಪೈಪು ಕತ್ತರಿಸಲು ಹೋಗುವುದು ದಂಡದ ಕೆಲಸ.

ಸೊಲೆನಾಯ್ಡ್ ಕೊಳ್ಳುವ ಮುಂಚೆ ಮುಂದಿನ ಬ್ರೇಕಿನ ಸ್ಥಿತಿಯೂ ನೋಡಿ. ಸವೆದ ಪ್ಯಾಡು, ಬಿರುಕುಬಿಟ್ಟ ರಬ್ಬರ್ ಹೋಸು, ಒಸರುವ ಕ್ಯಾಲಿಪರ್ ಇಟ್ಟುಕೊಂಡು ಲೈನ್ ಲಾಕ್ ಹಾಕಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯ ಪೈಕಿ.

ಕೂರಿಸುವುದು

ಬೇಕಾಗುವ ಸಾಮಾನು: ಸೊಲೆನಾಯ್ಡ್, ಒತ್ತಿದಾಗ ಮಾತ್ರ ಹಿಡಿಯುವ ಬಟನ್, ಸಣ್ಣ ಸೂಚಕ ದೀಪ, ಫ್ಯೂಸ್ ಹೋಲ್ಡರ್ (ಹರ್ಸ್ಟ್ ಮೊದಲಾದ ಕಂಪನಿಗಳ ಕಿಟ್ಟಿನಲ್ಲಿ ಇವು ಒಟ್ಟಿಗೇ ಬರುತ್ತವೆ), 3/16 ಇಂಚಿನ ಬ್ರೇಕ್ ಪೈಪು ಒಂದೆರಡು ಮೀಟರ್, ಅದಕ್ಕೆ ಹೊಂದುವ ನಟ್ಟುಗಳು, ಪೈಪ್ ಕಟರ್, ಡಬಲ್ ಫ್ಲೇರ್ (ಪೈಪಿನ ತುದಿಯನ್ನು ಅಗಲಿಸಿ ಎರಡು ಪದರವಾಗಿ ಮಡಚುವುದು) ಮಾಡುವ ಸಾಧನ, ಫ್ಲೇರ್ ಸ್ಪ್ಯಾನರ್, ಬ್ರೇಕ್ ಆಯಿಲ್ ಒಂದು ಲೀಟರ್, ಬ್ಲೀಡ್ ಮಾಡಲು (ಪೈಪಿನೊಳಗಿನ ಗಾಳಿ ತೆಗೆಯಲು) ಪಾರದರ್ಶಕ ಟ್ಯೂಬು.

ಪೈಪು ಸ್ಟೀಲಿನದಿರಲಿ ಅಥವಾ ತಾಮ್ರ-ನಿಕಲ್ ಮಿಶ್ರಲೋಹದ್ದಿರಲಿ. ಮಿಶ್ರಲೋಹದ್ದು ಬಗ್ಗಿಸಲು ಸುಲಭ, ತುಕ್ಕೂ ಹಿಡಿಯುವುದಿಲ್ಲ. ಫ್ರಿಜ್ಜಿಗೆ ಹಾಕುವ ಬರೀ ತಾಮ್ರದ ಪೈಪು ಬೇಡವೇ ಬೇಡ. ಗ್ಯಾಸ್ ಪೈಪಿಗೆ ಬಳಸುವ ಕಂಪ್ರೆಷನ್ ಫಿಟ್ಟಿಂಗೂ ಬೇಡ, ಬ್ರೇಕಿನ ಒತ್ತಡಕ್ಕೆ ಅದು ಕಿತ್ತು ಬರುತ್ತದೆ.

ಸೊಲೆನಾಯ್ಡಿಗೆ ಜಾಗ ಹುಡುಕುವಾಗ ಸೈಲೆನ್ಸರಿನ ಹೆಡರ್ ಪೈಪಿನಿಂದ ದೂರ ಇರಲಿ. ಹತ್ತಿರವಿದ್ದರೆ ಒಳಗಿನ ಆಯಿಲ್ ಕಾದು ಆವಿಯಾಗುತ್ತದೆ, ಸುರುಳಿಯೂ ಸುಡುತ್ತದೆ. ಫೆಂಡರಿನ ಒಳಗೋಡೆ ಅಥವಾ ಫ್ರೇಮಿಗೆ ಬೋಲ್ಟ್ ಹಾಕಿ ಬಿಗಿಯಿರಿ, ಪೈಪಿನ ಬಲದ ಮೇಲೆ ನೇತಾಡಲು ಬಿಡಬೇಡಿ. ಮಾಸ್ಟರ್ ಸಿಲಿಂಡರಿಗಿಂತ ಎತ್ತರಕ್ಕೆ ಹೋದರೆ ಗಾಳಿ ಗುಳ್ಳೆ ಅಲ್ಲೇ ಮನೆ ಮಾಡುತ್ತದೆ.

ಒಳಗೆ, ಹೊರಗೆ ಎಂಬ ಗುರುತು ಸೊಲೆನಾಯ್ಡಿನ ಮೈಮೇಲೇ ಇರುತ್ತದೆ. ಮಾಸ್ಟರ್ ಸಿಲಿಂಡರ್ ಕಡೆಯದು ಒಳಕ್ಕೆ, ಚಕ್ರದ ಕಡೆಯದು ಹೊರಕ್ಕೆ. ತಿರುಗಾಮುರುಗಾ ಹಾಕಿದರೆ ಸೆರೆಯಾದ ಒತ್ತಡವೇ ಕವಾಟವನ್ನು ಎತ್ತಿ ಹಿಂದಕ್ಕೆ ಸೋರುತ್ತದೆ. ಆಗ ಎಷ್ಟು ಬ್ಲೀಡ್ ಮಾಡಿದರೂ ಬ್ರೇಕು ಕೆಲವೇ ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಿಲ್ಲ.

ಪೈಪ್ ಕತ್ತರಿಸಿದ ಮೇಲೆ ಒಳಗಂಚಿನ ಮುಳ್ಳು ತೆಗೆದು, ಬ್ರೇಕ್ ಆಯಿಲಿನಿಂದಲೋ ಬ್ರೇಕ್ ಕ್ಲೀನರಿನಿಂದಲೋ ತೊಳೆದು ಊದಿ. ನಟ್ಟನ್ನು ಮೊದಲು ಪೈಪಿಗೆ ತೂರಿಸಿ, ಆಮೇಲೆ ಫ್ಲೇರ್ ಮಾಡಿ. (ಇದನ್ನು ಮರೆಯುವವರ ಸಂಖ್ಯೆ ಕಡಿಮೆಯೇನಲ್ಲ.) ಇಂಥ ಕಾರಿನ ಬ್ರೇಕಿಗೆ ಹೆಚ್ಚಾಗಿ ಬರುವುದು 45 ಡಿಗ್ರಿಯ ಡಬಲ್ ಫ್ಲೇರ್. ರೇಸಿಂಗ್ ಅಂಗಡಿಯ ಎಎನ್ ಫಿಟ್ಟಿಂಗ್ 37 ಡಿಗ್ರಿ. ಎರಡನ್ನೂ ಒಂದಕ್ಕೊಂದು ಬಿಗಿದರೆ ಮೊದಲ ದಿನ ಸೋರದೆ ನಾಲ್ಕನೇ ದಿನ ಸೋರುತ್ತದೆ.

ಫ್ಲೇರ್ ಜೋಡಣೆಗೆ ಯಾವ ಅಂಟೂ ಟೇಪೂ ಬೇಡ. ಸೊಲೆನಾಯ್ಡಿನ ಓರೆ ತಿರುಪಿನ (ತುದಿಯತ್ತ ಸಣ್ಣಗಾಗುವ) ಅಡಾಪ್ಟರುಗಳಿಗೆ ಮಾತ್ರ ಬ್ರೇಕ್ ಆಯಿಲ್ ತಡೆಯುವ ದ್ರವ ಸೀಲೆಂಟನ್ನು, ತಿರುಪಿನ ಮೊದಲ ಎರಡು ಸುತ್ತು ಬಿಟ್ಟು, ತೆಳ್ಳಗೆ ಹಚ್ಚಿ. ನಲ್ಲಿ ಕೆಲಸದ ಬಿಳಿ ಟೇಪು ಸುತ್ತಿದರೆ ಅದರ ಎಳೆ ಹರಿದು ಒಳಕ್ಕೆ ಹೋಗಿ ಕವಾಟದ ಸೀಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಕೂದಲಿನಷ್ಟು ಎಳೆ ಸಿಕ್ಕಿದರೂ ಸಾಕು, ಕವಾಟ ಪೂರ್ತಿ ಮುಚ್ಚುವುದಿಲ್ಲ.

ಫ್ಲೇರ್ ನಟ್ಟಿಗೆ 15ರಿಂದ 18 ನ್ಯೂಟನ್ ಮೀಟರ್ ಸಾಕು. ಗಾಡಿಯ ಫ್ರೇಮಿಗೂ ಎಂಜಿನ್ ಕಡೆಗೂ ನಡುವೆ ಅಲುಗಾಟವಿರುವ ಜಾಗದಲ್ಲಿ ಪೈಪಿಗೆ ಒಂದು ಸುತ್ತು ಸುರುಳಿ ಕೊಡಿ, ಕಂಪನಕ್ಕೆ ಬಿರುಕು ಬಿಡುವುದಿಲ್ಲ.

ವೈರಿಂಗ್ ಸರಳ. ಇಗ್ನಿಷನ್ ಹಾಕಿದಾಗ ಮಾತ್ರ ಬರುವ 12 ವೋಲ್ಟ್, ಅಲ್ಲಿಂದ ಫ್ಯೂಸ್ (ಕಿಟ್ಟಿನ ಚೀಟಿ ಹೇಳಿದ್ದು, ಸಾಮಾನ್ಯವಾಗಿ 10 ಆಂಪಿಯರ್ ಸಾಕು), ಅಲ್ಲಿಂದ ಬಟನ್, ಅಲ್ಲಿಂದ ಸೊಲೆನಾಯ್ಡ್, ಕೊನೆಗೆ ಅರ್ಥ್. ಸೂಚಕ ದೀಪ ಸೊಲೆನಾಯ್ಡಿಗೆ ಸಮಾನಾಂತರವಾಗಿ, ಕಣ್ಣಿಗೆ ಬೀಳುವ ಕಡೆ. ವೈರು 1.5 ಚದರ ಮಿಲಿಮೀಟರಿಗಿಂತ ಸಣ್ಣದಾಗದಿರಲಿ. ಅರ್ಥ್ ತಂತಿಯನ್ನು ಬಣ್ಣ ಕೆರೆದ ಬರಿಯ ಲೋಹಕ್ಕೆ ಕಟ್ಟಿ. ಬಟನ್ ಗೇರ್ ಹಿಡಿಯ ಮೇಲೋ ಸ್ಟಿಯರಿಂಗ್ ಮೇಲೋ, ಹೆಬ್ಬೆರಳಿಗೆ ಸಿಗುವಂತಿರಲಿ. ಕಟ್ಟಕಡೆಯ ಮಾತು: ಮನೆಯ ಸ್ವಿಚ್ಚಿನಂತೆ ಒಮ್ಮೆ ಒತ್ತಿದರೆ ಹಾಗೇ ನಿಲ್ಲುವ ಸ್ವಿಚ್ಚನ್ನು ಇದಕ್ಕೆ ಹಾಕಲೇಬಾರದು. ಬೆರಳು ತೆಗೆದ ತಕ್ಷಣ ಬ್ರೇಕು ಬಿಡಬೇಕು. ತಪ್ಪಿ ಕೈ ತಾಗುವ ಭಯವಿದ್ದರೆ ಸರಣಿಯಲ್ಲಿ ಇನ್ನೊಂದು ಮುಖ್ಯ ಸ್ವಿಚ್ ಹಾಕಿಕೊಳ್ಳಿ.

ಗಾಳಿ ತೆಗೆಯುವುದು, ಪರೀಕ್ಷೆ

ಬ್ಲೀಡ್ ಮಾಡುವಾಗ ಸೊಲೆನಾಯ್ಡಿಗೆ ಕರೆಂಟು ಕೊಡಬೇಡಿ. ಮುಂದಿನ ಪೈಪು ಮಾತ್ರ ಬಿಚ್ಚಿದ್ದರೆ ಮುಂದಿನ ಎರಡು ಚಕ್ರ ಸಾಕು. ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು. ಮಾಸ್ಟರ್ ಸಿಲಿಂಡರ್ ಪೂರಾ ಬರಿದಾಗಿದ್ದರೆ ನಾಲ್ಕೂ ಚಕ್ರ ಮಾಡಬೇಕು, ಹಿಂದಿನಿಂದ ಶುರು. ಮೊದಲ ಸುತ್ತಿನ ಬಳಿಕ ಸೊಲೆನಾಯ್ಡಿಗೆ ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ತಟ್ಟಿ, ಹತ್ತು ನಿಮಿಷ ಬಿಟ್ಟು ಇನ್ನೊಂದು ಸುತ್ತು ಮಾಡಿ. ಗೋಡೆಗೆ ಅಂಟಿಕೊಂಡಿದ್ದ ಸಣ್ಣ ಗುಳ್ಳೆಗಳು ಆಗ ಹೊರಬರುತ್ತವೆ. ಡಾಟ್ 3 ಅಥವಾ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹಾಕಿ. ಹೊಸದಾಗಿದ್ದಾಗ ಮೊದಲನೆಯದರ ಕುದಿಬಿಂದು ಕನಿಷ್ಠ 205 ಡಿಗ್ರಿ, ಎರಡನೆಯದರದು 230 ಡಿಗ್ರಿ ಸೆಲ್ಸಿಯಸ್. ಸಿಲಿಕೋನಿನ ಡಾಟ್ 5 ಇವುಗಳೊಂದಿಗೆ ಬೆರೆಯುವುದಿಲ್ಲ, ಗಾಳಿಯನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ನೀರಿನ ಬಳಿ ಹೋಗುವ ಮುಂಚೆ ಗ್ಯಾರೇಜಿನಲ್ಲೇ ಪರೀಕ್ಷೆ ಮುಗಿಸಿ. ಗಾಡಿಯನ್ನು ಜಾಕಿಯಿಂದ ಎತ್ತಿ ನಾಲ್ಕು ಸ್ಟ್ಯಾಂಡಿನ ಮೇಲೆ ಕೂರಿಸಿ, ಗೇರು ನ್ಯೂಟ್ರಲ್‌ನಲ್ಲಿಡಿ. ಎಂಜಿನ್ ಆಫ್, ಇಗ್ನಿಷನ್ ಆನ್. ಒಬ್ಬರು ಬ್ರೇಕನ್ನು ಗಟ್ಟಿಯಾಗಿ ತುಳಿದು, ಬಟನ್ ಒತ್ತಿಹಿಡಿದು, ಕಾಲು ತೆಗೆಯಲಿ. ಇನ್ನೊಬ್ಬರು ಚಕ್ರಗಳನ್ನು ಕೈಯಲ್ಲಿ ತಿರುಗಿಸಿ ನೋಡಲಿ. ಮುಂದಿನ ಎರಡೂ ಕಲ್ಲಿನಂತೆ ನಿಂತಿರಬೇಕು, ಹಿಂದಿನ ಎರಡೂ ಸಲೀಸಾಗಿ ತಿರುಗಬೇಕು. 20 ಸೆಕೆಂಡಾದ ಮೇಲೂ ಹಿಡಿತ ಹಾಗೇ ಇರಬೇಕು. ಬಟನ್ ಬಿಟ್ಟ ಕ್ಷಣ ಮುಂದಿನವೂ ತಿರುಗಬೇಕು. ಹೀಗೆ ಹತ್ತು ಸಲ ಮಾಡಿ. ಒಂದು ಸಲ ತಡವಾಗಿ ಬಿಟ್ಟರೂ ಆ ಕವಾಟವನ್ನು ಟ್ರ್ಯಾಕಿಗೆ ಒಯ್ಯಬೇಡಿ. ಕೊನೆಗೆ ಪೆಡಲನ್ನು ಒಂದು ನಿಮಿಷ ಬಲವಾಗಿ ತುಳಿದಿಟ್ಟು ಪ್ರತಿ ಜೋಡಣೆಯನ್ನೂ ಒಣ ಬಟ್ಟೆಯಿಂದ ಒರೆಸಿ ಒಸರುತ್ತಿದೆಯೇ ನೋಡಿ.

ವಾಟರ್ ಬಾಕ್ಸಿನಲ್ಲಿ

ಟ್ರ್ಯಾಕ್ಷನ್ ಕಂಟ್ರೋಲ್ ಇದ್ದರೆ ಮೊದಲು ಆಫ್ ಮಾಡಿ. ನೀರನ್ನು ನೇರವಾಗಿ ದಾಟಬೇಡಿ. ಮುಂದಿನ ಟೈರಿನಲ್ಲಿ ಗೀರುಗಳಿದ್ದರೆ ಅವು ನೀರು ತುಂಬಿಕೊಂಡು ಸ್ಟಾರ್ಟಿಂಗ್ ಗೆರೆಯವರೆಗೂ ಸುರಿಸುತ್ತ ಹೋಗುತ್ತವೆ. ನಿಮಗೂ ಕೇಡು, ನಿಮ್ಮ ಹಿಂದೆ ಬರುವವರಿಗೂ ಕೇಡು. ಬದಿಯಿಂದ ಸುತ್ತಿ ಬಂದು, ಸಿಬ್ಬಂದಿಯ ಕೈಸನ್ನೆ ನೋಡುತ್ತ, ಹಿಂದಿನ ಟೈರು ಮಾತ್ರ ನೀರಿನ ಅಂಚಿಗೆ ತಾಗುವಷ್ಟು ಹಿಂದಕ್ಕೆ ತನ್ನಿ. ಮೆಲ್ಲಗೆ ಒಂದು ಸುತ್ತು ಉರುಳಿಸಿ ಟೈರು ಪೂರ್ತಿ ಒದ್ದೆ ಮಾಡಿ, ಕೆರೆಯಂಥ ಜಾಗದಿಂದ ಅರ್ಧ ಅಡಿ ಮುಂದೆ ಬಂದು ನಿಲ್ಲಿ. ತುಂಬಿದ ನೀರಲ್ಲೇ ನಿಂತರೆ ಟೈರು ಕಾಯುವ ಬದಲು ತಣಿಯುತ್ತದೆ, ಚಕ್ರದ ಗೂಡಿಗೆಲ್ಲ ನೀರು ಹೊಡೆದು ಆಮೇಲೆ ಗೆರೆಯ ಮೇಲೆ ತೊಟ್ಟಿಕ್ಕುತ್ತದೆ.

ಸ್ಟಿಯರಿಂಗ್ ನೇರ. ಬ್ರೇಕನ್ನು ಗಟ್ಟಿಯಾಗಿ ತುಳಿಯಿರಿ. ಬಟನ್ ಒತ್ತಿ ಹಿಡಿಯಿರಿ, ದೀಪ ಹೊತ್ತಿತೇ ನೋಡಿ. ಹಲವು ಕವಾಟಗಳು ಮುಚ್ಚಿದ ಮೇಲೂ ಒತ್ತಡ ಒಳಕ್ಕೆ ಹೋಗಲು ಬಿಡುತ್ತವೆ, ಹೊರಕ್ಕೆ ಬಿಡುವುದಿಲ್ಲ. ಹಾಗಾಗಿ ಬಟನ್ ಒತ್ತಿದಂತೆಯೇ ಇನ್ನೊಮ್ಮೆ ಪೆಡಲ್ ತುಳಿದರೆ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ಈಗ ಕಾಲು ತೆಗೆಯಿರಿ.

ಮ್ಯಾನ್ಯುಯಲ್ ಆದರೆ ಎರಡನೇ ಗೇರು, ಎಂಜಿನ್ 4,000ದಿಂದ 5,000 ಆರ್‌ಪಿಎಂ, ಕ್ಲಚ್ಚನ್ನು ಒಮ್ಮೆಗೇ ಬಿಡಿ. ಇಲ್ಲಿ ಅಳೆದೂ ಸುರಿದೂ ಮೆಲ್ಲಗೆ ಬಿಟ್ಟರೆ ಸುಡುವುದು ಟೈರಲ್ಲ, ಕ್ಲಚ್ ಪ್ಲೇಟು. ಆಟೊಮ್ಯಾಟಿಕ್ ಆದರೆ ಮೊದಲ ಗೇರಿನಲ್ಲಿ ಸುತ್ತು ಶುರು ಮಾಡಿ ತಕ್ಷಣ ಎರಡಕ್ಕೆ ಏರಿಸಿ. ಚಕ್ರದ ವೇಗ ಹೆಚ್ಚಿದಷ್ಟೂ ಶಾಖ ಬೇಗ ಏರುತ್ತದೆ, ಮೊದಲ ಗೇರಿನಲ್ಲೇ ಉಳಿದರೆ ಎಂಜಿನ್ ಮಿತಿ ಮೀರಿ ಕಿರುಚುತ್ತದೆ. ಆಮೇಲೆ ಆರ್‌ಪಿಎಂ ಒಂದೇ ಸಮ ಹಿಡಿದಿಡಿ.

ಡ್ರ್ಯಾಗ್ ರೇಡಿಯಲ್ ಟೈರಿಗೆ 3ರಿಂದ 5 ಸೆಕೆಂಡ್ ಸಾಕು. ದೊಡ್ಡ ಸ್ಲಿಕ್ಕಿಗೆ (ಗೀರಿಲ್ಲದ ರೇಸ್ ಟೈರು) ಇನ್ನೊಂದೆರಡು ಸೆಕೆಂಡ್ ಹೆಚ್ಚು. ಮೊದಲು ಬರುವ ಬಿಳಿ ಮೋಡದಲ್ಲಿ ನೀರಿನ ಆವಿಯೇ ಹೆಚ್ಚು, ಅದನ್ನು ನೋಡಿ ಮೋಸಹೋಗಬೇಡಿ. ಚಕ್ರದ ಗೂಡಿನಿಂದ ದಟ್ಟ ಹೊಗೆ ಉರುಳಿ ಬಂದು, ಎಂಜಿನ್ ಸದ್ದು ಕೊಂಚ ಭಾರವಾಗಿ, ಗಾಡಿ ಮುಂದಕ್ಕೆ ಎಳೆಯತೊಡಗಿದರೆ ಹದ ಬಂದಂತೆ. ಮಾಮೂಲಿ ರಸ್ತೆ ಟೈರಿನಲ್ಲಿ ಬಂದವರು ಇಷ್ಟೆಲ್ಲ ಮಾಡಬಾರದು. ಆ ರಬ್ಬರು ಹೆಚ್ಚು ಕಾದರೆ ಅಂಟಾಗುವ ಬದಲು ಜಿಡ್ಡಾಗುತ್ತದೆ. ಒಂದು ಸೆಕೆಂಡ್ ಸುತ್ತಿಸಿ ಕಲ್ಲುಪುಡಿ ಕೊಡವಿದರೆ ಮುಗಿಯಿತು.

ಹೊರಬರುವ ಕ್ರಮ ಬಹಳ ಮುಖ್ಯ. ಆಕ್ಸಿಲರೇಟರ್ ಹಾಗೇ ಇರುವಾಗ ಬಟನ್ ಬಿಡಿ. ಗಾಡಿ ಸುತ್ತುವ ಚಕ್ರದ ಮೇಲೇ ಮುಂದಕ್ಕೆ ಉರುಳುತ್ತದೆ, ಆಗ ನಿಧಾನವಾಗಿ ಆಕ್ಸಿಲರೇಟರ್ ಇಳಿಸಿ. ಬಟನ್ ಹಿಡಿದೇ ಆಕ್ಸಿಲರೇಟರ್ ಬಿಟ್ಟರೆ, ವೇಗವಾಗಿ ಸುತ್ತುತ್ತಿದ್ದ ಬಿಸಿ ಟೈರು ಒಮ್ಮೆಗೇ ನೆಲ ಕಚ್ಚಿ ಡ್ರೈವ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್, ಆಕ್ಸಲ್ ಮುರಿಯುವ ಸಂಭವವಿದೆ. ಗೆರೆ ದಾಟುವಷ್ಟು ದೂರ ಹೋಗಬೇಡಿ, ಗೆರೆ ದಾಟಿ ಬರ್ನ್‌ಔಟ್ ಮಾಡುವುದು ಸಾಮಾನ್ಯವಾಗಿ ವೃತ್ತಿಪರ ವರ್ಗಗಳ ಆಟ. ಬರ್ನ್‌ಔಟ್ ನಡೆಯುವಾಗ ಯಾರೂ ಗಾಡಿಯನ್ನು ಹಿಡಿಯಬಾರದು, ಮುಟ್ಟಲೂಬಾರದು. ಇದೂ ಎನ್‌ಎಚ್‌ಆರ್‌ಎ ನಿಯಮವೇ.

ನಿಲ್ಲದಿದ್ದರೆ ಎಲ್ಲಿ ಹುಡುಕಬೇಕು

ಗಾಡಿ ಬೇಗನೆ ಜರುಗಿದರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಮುಂದಿನ ಚಕ್ರ ಸುತ್ತುತ್ತ ಮುಂದೆ ಬಂತೋ, ನಿಂತಂತೆಯೇ ಜಾರಿ ಬಂತೋ? ಟೈರಿನ ಬದಿಗೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದು, ಸುರಕ್ಷಿತ ದೂರದಿಂದ ಮೊಬೈಲಿನಲ್ಲಿ ಚಿತ್ರಿಸಲು ಹೇಳಿ. ಈ ಒಂದು ಉತ್ತರಕ್ಕೆ ಅರ್ಧ ರೋಗಗಳು ಪತ್ತೆಯಾಗುತ್ತವೆ.

ಜಾರಿ ಬಂದಿದ್ದರೆ ಬ್ರೇಕು ತನ್ನ ಕೆಲಸ ಮಾಡಿದೆ, ಸೋತಿದ್ದು ಟೈರು. ಮುಂದಿನ ಟೈರು ಒದ್ದೆಯೇ, ನಿಂತ ಜಾಗದಲ್ಲಿ ನೀರಿತ್ತೇ ನೋಡಿ. ಭಾರ ಇಳಿಸಲೆಂದು ಮುಂದೆ ತೆಳ್ಳನೆಯ ಟೈರು ಹಾಕಿ ಫೈಬರ್ ಬಾನೆಟ್ ಕೂರಿಸಿದ ಗಾಡಿಯಲ್ಲಿ ಇದು ಸಹಜ, ಅಲ್ಲಿ ಬರ್ನ್‌ಔಟ್ ಚಿಕ್ಕದಾಗಲೇಬೇಕು. ಇನ್ನಷ್ಟು ಬ್ರೇಕ್ ಒತ್ತಡ ಕೊಟ್ಟು ಪ್ರಯೋಜನವಿಲ್ಲ.

ಸುತ್ತುತ್ತ ಬಂದಿದ್ದರೆ ಒತ್ತಡ ಸಾಲದು ಅಥವಾ ಸೋರುತ್ತಿದೆ. ಶುರುವಿನಿಂದಲೇ ಸುತ್ತಿದರೆ ತುಳಿದದ್ದು ಕಡಿಮೆ, ಇಲ್ಲವೇ ಪೈಪಿನಲ್ಲಿ ಗಾಳಿ, ಇಲ್ಲವೇ ಪ್ಯಾಡಿಗೆ ಎಣ್ಣೆ ತಾಗಿದೆ. ದೊಡ್ಡ ಕ್ಯಾಮ್ ಹಾಕಿದ ಎಂಜಿನ್ನಿನಲ್ಲಿ ಐಡಲ್ ವ್ಯಾಕ್ಯೂಮ್ ಕುಸಿದು, ಅದರಿಂದ ಪೆಡಲಿಗೆ ಬಲ ಕೂಡಿಸುವ ಬೂಸ್ಟರ್ ಸಹಾಯ ಮಾಡದು, ಪೆಡಲ್ ಕಲ್ಲಿನಂತಿದ್ದರೂ ಒತ್ತಡ ಹುಟ್ಟುವುದಿಲ್ಲ. ಮುಂದಿನ ಪೈಪಿಗೆ ಪರೀಕ್ಷೆಗೆಂದು ಒಂದು ಗೇಜ್ ಹಾಕಿ ನೋಡಿದರೆ ಊಹೆಯ ಕೆಲಸ ತಪ್ಪುತ್ತದೆ: ಡಿಸ್ಕ್ ಬ್ರೇಕಿಗೆ 600ರಿಂದ 1,000 ಪಿಎಸ್‌ಐ ಸಿಕ್ಕರೆ ಚೆನ್ನ. ಮೊದಲು ನಿಂತು ಎರಡು ಮೂರು ಸೆಕೆಂಡಿಗೆ ಸುತ್ತತೊಡಗಿದರೆ ಕವಾಟ ಸೋರುತ್ತಿದೆ: ತಿರುಗಾಮುರುಗಾ ಜೋಡಣೆ, ಸೀಟಿನಲ್ಲಿ ಕಸ, ಅಥವಾ ವೋಲ್ಟೇಜ್ ಸಾಲದು. ಆಲ್ಟರ್ನೇಟರ್ ತೆಗೆದುಹಾಕಿ ಬರೀ ಬ್ಯಾಟರಿಯಲ್ಲಿ ಓಡುವ ಗಾಡಿಗಳಲ್ಲಿ ಸಂಜೆಯ ಸುತ್ತುಗಳ ಹೊತ್ತಿಗೆ ಇದು ಕೈಕೊಡುತ್ತದೆ. ಮೀಟರನ್ನು ಬ್ಯಾಟರಿಗಲ್ಲ, ಬಟನ್ ಒತ್ತಿಹಿಡಿದು ಸೊಲೆನಾಯ್ಡಿನ ತುದಿಗಳಿಗೇ ಹಚ್ಚಿ ಅಳೆಯಿರಿ.

ಬಟನ್ ಬಿಟ್ಟರೂ ಬ್ರೇಕು ಬಿಡದಿದ್ದರೆ ದೀಪ ನೋಡಿ. ಉರಿಯುತ್ತಲೇ ಇದ್ದರೆ ಬಟನ್ ಅಂಟಿಕೊಂಡಿದೆ, ಇಗ್ನಿಷನ್ ಆಫ್ ಮಾಡಿದರೆ ಬಿಡುತ್ತದೆ. ದೀಪ ಆರಿದ್ದರೆ ಕವಾಟವೇ ಸಿಕ್ಕಿಕೊಂಡಿದೆ. ಆ ಸ್ಥಿತಿಯಲ್ಲಿ ಓಡಬೇಡಿ, ಕ್ಯಾಲಿಪರಿನ ಬ್ಲೀಡರ್ ಸಡಿಲಿಸಿ ಒತ್ತಡ ಇಳಿಸಿ ಗಾಡಿಯನ್ನು ತಳ್ಳಿಕೊಂಡು ಹೋಗಿ.

ಒಂದೇ ಹಿಂಚಕ್ರ ಹೊಗೆ ಕಾರಿದರೆ ಅದಕ್ಕೂ ಲೈನ್ ಲಾಕಿಗೂ ಸಂಬಂಧವಿಲ್ಲ, ಡಿಫರೆನ್ಷಿಯಲ್ ತೆರೆದ ಮಾದರಿಯದು. ಹಿಂಭಾಗ ಪಕ್ಕಕ್ಕೆ ಸರಿಯುತ್ತಿದ್ದರೆ ನೆಲದ ಓರೆ ಅಥವಾ ಎರಡು ಟೈರಿನ ಗಾಳಿಯಲ್ಲಿ ವ್ಯತ್ಯಾಸ ಇರಬಹುದು. ಹಿಂದಿನ ಆಕ್ಸಲ್ ದಡದಡ ಕುಣಿಯತೊಡಗಿದರೆ ಮಾತ್ರ ಕ್ಷಣ ತಡಮಾಡದೆ ಕ್ಲಚ್ ಒತ್ತಿ ಅಥವಾ ಆಕ್ಸಿಲರೇಟರ್ ಬಿಡಿ. ನೀರು ಸಾಲದೆ ಟೈರು ಹಿಡಿದು-ಬಿಟ್ಟು ಮಾಡುತ್ತಿದೆ ಎಂದರ್ಥ, ಆ ಹೊಡೆತಕ್ಕೆ ಮುರಿಯುವ ಭಾಗಗಳು ಸೊಲೆನಾಯ್ಡಿನ ಹತ್ತರಷ್ಟು ದುಬಾರಿ.

ಲೈನ್ ಲಾಕ್ ಇಲ್ಲದವು

ಟಾಪ್ ಫ್ಯೂಯೆಲ್ ಡ್ರ್ಯಾಗ್‌ಸ್ಟರಿನ ಉದ್ದ ಮೂತಿಯ ತುದಿಯ ಪುಟ್ಟ ಚಕ್ರಗಳಿಗೆ ಬ್ರೇಕೇ ಇಲ್ಲ, ಇರುವುದು ಹಿಂದೆ ಮಾತ್ರ. ಅವು ನಿಂತು ಬರ್ನ್‌ಔಟ್ ಮಾಡುವುದೂ ಇಲ್ಲ, ನೀರಿನಿಂದ ಹೊರಟು ಸುತ್ತುತ್ತಲೇ ಗೆರೆ ದಾಟಿ ದೂರ ಹೋಗಿ, ಹಿಂದಕ್ಕೆ ಬರುತ್ತವೆ.

ಮುಂಚಕ್ರ ಚಾಲನೆಯ ಕಾರಿಗೆ ಎಲ್ಲವೂ ತಲೆಕೆಳಗು. ಭಾರತದ ಡ್ರ್ಯಾಗ್ ಕೂಟಗಳಲ್ಲಿ ಕಾಣುವ ಸ್ವಿಫ್ಟ್, ಪೋಲೊ, ಹೋಂಡಾ ಸಿಟಿ ಈ ಜಾತಿಯವು. ಇಲ್ಲಿ ಹಿಂದಿನ ಚಕ್ರ ಹಿಡಿಯಬೇಕು, ಅದಕ್ಕೆ ಹ್ಯಾಂಡ್‌ಬ್ರೇಕ್ ಆಗಲೇ ಇದೆ. ಕೇಬಲ್ ಸರಿಯಾಗಿ ಬಿಗಿದಿದ್ದರೆ ಸಾಕು. ಆದರೆ ಹಿಂದೆ ಭಾರ ಕಡಿಮೆ, ಹಾಗಾಗಿ ಮುಂದಿನ ಟೈರು ಸ್ವಲ್ಪ ಕಾದೊಡನೆ ಹಿಂದಿನದನ್ನು ಎಳೆದುಕೊಂಡು ಹೊರಡುತ್ತದೆ, ಎರಡು ಸೆಕೆಂಡಿಗಿಂತ ಹೆಚ್ಚು ನಿಲ್ಲುವ ಆಸೆ ಬೇಡ. ನಮ್ಮಲ್ಲಿ ರಸ್ತೆಗಿಳಿಯುವ ಗಾಡಿಯ ಮೂಲ ರಚನೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಬರುತ್ತದೆ, ಸಾರ್ವಜನಿಕ ರಸ್ತೆಯ ರೇಸಿಗೆ 189ನೇ ಕಲಂ ಇದೆ. ಬ್ರೇಕಿನ ಪೈಪಿಗೆ ಕೈ ಹಾಕುವುದಾದರೆ ಟ್ರ್ಯಾಕಿಗಷ್ಟೇ ಮೀಸಲಾದ ಗಾಡಿಯಲ್ಲಿ ಹಾಕಿ.

ಲೈನ್ ಲಾಕನ್ನು ಹ್ಯಾಂಡ್‌ಬ್ರೇಕಿನಂತೆ ಗಾಡಿ ನಿಲ್ಲಿಸಿಡಲು ಬಳಸಬೇಡಿ. ಕರೆಂಟು ಹರಿದಷ್ಟೂ ಸುರುಳಿ ಕಾಯುತ್ತದೆ, ಅರ್ಧ ನಿಮಿಷದ ಮೇಲೆ ಒತ್ತಿಹಿಡಿಯುವ ಸಂದರ್ಭವೇ ಬರಬಾರದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಆ ನೀರು ಕವಾಟದೊಳಗೆ ತುಕ್ಕು ತರುತ್ತದೆ. ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಬದಲಿಸುವಾಗ ಸೊಲೆನಾಯ್ಡಿನ ಮೂಲಕ ಹೊಸ ಆಯಿಲ್ ಧಾರಾಳವಾಗಿ ಹರಿಯಲು ಬಿಡಿ, ನಂತರ ಸ್ಟ್ಯಾಂಡಿನ ಮೇಲಿನ ಆ 20 ಸೆಕೆಂಡಿನ ಪರೀಕ್ಷೆಯನ್ನು ಮತ್ತೆ ಮಾಡಿ.